ಎಡಕ್ಕೆ ಕೂರು

ವೂಚ್ ಎಂದರೆ ನಮ್ಮ ಮಾತಿನಲ್ಲಿ ದೋಣಿ.
ತೇಲಲು ನೀರಿಲ್ಲ; ಊರಿನ ಹೊಳೆಗಳನ್ನೆಲ್ಲ
ಮುತ್ತಜ್ಜಂದಿರೇ ಕೊಳವೆಗೆ ತುಂಬಿ ನೆಲದಡಿ ಹೂತರು.
ಮಗ್ಗಗಳು ನಿಂತ ಮೇಲೆ ಗಿರಣಿ ನಮಗೆ ಬಾಡಿಗೆಗೆ ಬಂತು:
ಎರಡನೆಯ ಮಹಡಿ, ಕಿಟಕಿಯಿಲ್ಲದ ಕೋಣೆ,
ಗೋಡೆಗೂ ಉಣ್ಣೆ, ನೆಲಕ್ಕೂ ಉಣ್ಣೆ,
ಚಪ್ಪಾಳೆ ತಟ್ಟಿದರೆ ಅಂಗೈಯಲ್ಲೇ ಸಾಯುತ್ತದೆ.

ಸೋಮವಾರ ಹೊಸ ಕಂಟ್ರೋಲರ್ ಬಂತು.
ಇಟ್ಟಿಗೆಯಷ್ಟು ಗಾತ್ರ, ನಡುವೆ ಒಂದು ದಪ್ಪ ತಿರುಪು,
ಐದು ಸ್ಪೀಕರು, ಒಂದು ಸಬ್‌ವೂಫರು,
ಆರು ಬಾಯಿಗೂ ಸೇರಿ ಒಂದೇ ಲಗಾಮು.
ಹಳೆಯದನ್ನು ಕಳಚುವ ಮುನ್ನ
ಒಮ್ಮೆ ಅಳೆದಿಟ್ಟುಕೊಳ್ಳೋಣ ಅನ್ನಿಸಿತು.

ಕೂರುವವರ ಕಿವಿಯ ಎತ್ತರಕ್ಕೆ
ಮುಕ್ಕಾಲಿಯ ಮೇಲೆ ಮೀಟರು ನಿಲ್ಲಿಸಿ
ಒಂದೊಂದೇ ಸ್ಪೀಕರಿಗೆ ಗುಲಾಬಿ ಗದ್ದಲ ಬಿಟ್ಟೆ.
ಹೆಸರಷ್ಟೇ ಗುಲಾಬಿ; ಕೇಳಲು
ಕಾದ ಹಂಚಿಗೆ ಸುರಿದ ನೀರು ಆರದೆ ಚುರುಗುಟ್ಟಿದ ಹಾಗೆ.
ಎಡ ಎಪ್ಪತ್ತೊಂಬತ್ತು ಡೆಸಿಬೆಲ್. ನಡು ಎಪ್ಪತ್ತೊಂಬತ್ತು.
ಎಡಹಿಂದೆ, ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲ.
ಬಲ, ಎಂಬತ್ತಮೂರು.
ಬಲಹಿಂದೆ, ಎಂಬತ್ತಮೂರು.

ಮೀಟರಿನ ಬ್ಯಾಟರಿ ಬದಲಿಸಿದೆ.
ಬೆನ್ನು ಕಿತ್ತುಹೋಗುವಂತೆ ಸ್ಪೀಕರುಗಳನ್ನೇ ಅದಲುಬದಲು ಮಾಡಿದೆ.
ಬಲ, ಎಂಬತ್ತಮೂರು.
ಕೊನೆಗೆ ಹಳೆಯ ಡಬ್ಬವನ್ನು ಬೋರಲು ಹಾಕಿದೆ.
ಅಡಿಯಲ್ಲಿ, ಬಲದ ಸಣ್ಣ ತಿರುಪಿನ ಸುತ್ತ,
ಪೆನ್ಸಿಲಿನ ನಾಲ್ಕು ಗೀರು, ಇರುವೆಯಂಥ ಅಕ್ಷರ:
ಒಂಬತ್ತನೇ ಇಸವಿ. ಹದಿಮೂರು. ಹದಿನಾರು. ಹತ್ತೊಂಬತ್ತು.
ಲುಡೊಮಿರ್ ಅವರ ಕೈ.

ಎಡಕ್ಕೆ ಕೂರು, ಅನ್ನುತ್ತಿದ್ದರು ಯಾರು ಬಂದರೂ,
ನಿರ್ಮಾಪಕನಿಗೂ, ಚಹಾ ತಂದ ಹುಡುಗನಿಗೂ.
ಬಲಕ್ಕೆ ಕೂತವನಿಗೆ ಉತ್ತರವೇ ಸಿಗುತ್ತಿರಲಿಲ್ಲ.
ಏನೋ ಶಕುನ, ಮುದುಕರ ಶಾಸ್ತ್ರ ಎಂದು
ನಾವು ಬೆನ್ನ ಹಿಂದೆ ನಕ್ಕಿದ್ದೇವೆ.
ಮಂದವಾದ ಬೆನ್ನ ಹಿಂದಲ್ಲ; ಮಂದವಾದ ಕಿವಿಯ ಹಿಂದೆ.

ಮಧ್ಯಾಹ್ನವೆಲ್ಲ ಮೇಜಿನಡಿ ಅಂಗಾತ ಮಲಗಿ
ಎಂಟೆಳೆಯ ಕೇಬಲ್ಲಿನ ಬಾಲಗಳನ್ನು ಬಿಡಿಸಿದೆ,
ಹಲ್ಲಲ್ಲಿ ಟಾರ್ಚು, ಮೂಗಿನ ತುಂಬ ಧೂಳು.
ಒಂದು ತಪ್ಪಿದರೆ ಸಿನಿಮಾದಲ್ಲಿ
ಬಾಗಿಲು ಒಂದು ಕಡೆ ತೆರೆದು ಇನ್ನೊಂದು ಕಡೆ ಮುಚ್ಚುತ್ತದೆ.
ಒಂದು ತಪ್ಪಿತ್ತು. ಮತ್ತೆ ಮೇಜಿನಡಿ.
ಕತ್ತಲಾಗುವ ಹೊತ್ತಿಗೆ ಐದಕ್ಕೂ ಎಪ್ಪತ್ತೊಂಬತ್ತು.

ಆಗ ಅವರ ಹಳೆಯ ಚಿತ್ರವೊಂದನ್ನು ಹಾಕಿದೆ,
ಹದಿನೇಳನೇ ಇಸವಿಯದು, ಭಯಪಡುತ್ತಲೇ.
ಎಲ್ಲಿ ವಾಲುತ್ತದೋ ಎಂದು ಕಾದೆ.
ಟ್ರಾಮು ಬಲಹಿಂದಿನಿಂದ ಬಂತು, ನಡುವೆ ನಿಂತಿತು,
ಹೆಂಗಸೊಬ್ಬಳು ಇಳಿದು ನೇರ ನನ್ನೆದುರು ಕೆಮ್ಮಿದಳು.
ಎಲ್ಲೂ ವಾಲಲಿಲ್ಲ.
ಕಿವಿ ತಗ್ಗಿದಷ್ಟೂ ಕೋಣೆಯನ್ನು ಎತ್ತಿಹಿಡಿದಿದ್ದಾರೆ,
ತಕ್ಕಡಿಯ ಹಗುರ ತಟ್ಟೆಗೆ ಕಲ್ಲು ಕಟ್ಟಿದ ಹಾಗೆ,
ಚಿತ್ರವನ್ನು ಮಾತ್ರ ಮುಟ್ಟಿಲ್ಲ.

ಹೊಸ ಡಬ್ಬಕ್ಕೆ ನೆನಪಿನ ಗುಂಡಿಗಳಿವೆ.
ಒಂದರಲ್ಲಿ ನನ್ನ ಲೆಕ್ಕ.
ಮೂರರಲ್ಲಿ ಬಲಕ್ಕೆ ನಾಲ್ಕು ಹೆಚ್ಚಿಸಿ, ಯಾರಿಗೂ ಹೇಳದೆ, ಉಳಿಸಿದೆ.

ಗುರುವಾರ ಬಂದರು, ಕೋಟಿನ ಹಿಮ ಕೊಡವುತ್ತ.
ಸಂತೆಯ ಕುದುರೆಗೆ ಹಲ್ಲು ನೋಡುವ ಹಾಗೆ
ಡಬ್ಬವನ್ನು ಹಿಂದುಮುಂದು ನೋಡಿದರು.
ಎಡಕ್ಕೆ ಕೂತೆ. ಮೂರನ್ನು ಒತ್ತಿದೆ.
ಟ್ರಾಮು ಬಂತು.
"ಬಲಗಡೆ ಜಾಸ್ತಿಯಾಯಿತು, ಕಲೀನಾ."

ನನ್ನ ಬೆರಳು ಗಾಳಿಯಲ್ಲೇ ನಿಂತಿತು.
ಅವರು ಬಿಳಿಗೂದಲು ಸರಿಸಿ ಬಲಗಿವಿಯ ಹಿಂದೆ
ಅವರೆಕಾಳಿನಷ್ಟು ಯಂತ್ರವನ್ನು ಉಗುರಿನಿಂದ ತಟ್ಟಿದರು.
"ಹೋದ ತಿಂಗಳು. ಮಗಳ ಹಟ."
ಹೆಂಗಸು ಇಳಿದಳು, ಕೆಮ್ಮಿದಳು.
"ಯಾವಾಗ ಗೊತ್ತಾಯಿತು?"
"ಸೋಮವಾರ."
"ಅಳಿಸಬೇಕೆಂದೇ ಪೆನ್ಸಿಲಿನಲ್ಲಿ ಬರೆದದ್ದು," ಅಂದರು,
ನನಗಲ್ಲ, ಪರದೆಗೆ.

ಒಂದನ್ನು ಒತ್ತಿ,
ಕುರ್ಚಿಯೆತ್ತಿ ಅವರ ಬಲಕ್ಕೆ ಹೊರಟೆ.
"ಬೇಡ. ಎಡಕ್ಕೇ ಕೂರು.
ಅಭ್ಯಾಸವಾಗಿಬಿಟ್ಟಿದೆ."