ಬಾಕಿ ಚಿಲ್ಲರೆ

ಶಿಕ್ಷಕರ ಸದನದಲ್ಲಿ ಹಳೇ ನೋಟಿನ ಮೇಳ.
ಮೂರನೇ ಮೇಜಿನ ಹುಡುಗ, ಹೆಸರು ಹಿತೇಶ,
ಕಣ್ಣಿಂದ ಕಸ ತೆಗೆಯುವಷ್ಟು ನಾಜೂಕಾಗಿ
ಚಿಮಟದಲ್ಲಿ ಎತ್ತಿದ ನನ್ನ ಎರಡು ರೂಪಾಯಿ.
"ಆರು ಏಳು, ಅಂಕಲ್! ಸಾಲಾಗಿ ಆರು ಏಳು!"
ನಾನು ನಂಬರು ನೋಡಿದ್ದೇ ಇಲ್ಲ ಇಷ್ಟು ವರ್ಷ.

ಆಮೇಲೆ ಭೂತಗನ್ನಡಿ ಹಿಡಿದು ಕಳೆಯತೊಡಗಿದ.
ಉದ್ದಕ್ಕೆ ಮಡಿಕೆ: ಅರ್ಧ ಬೆಲೆ ಹೋಯಿತು.
"ಯಾರೋ ಕಂಡಕ್ಟರ್ ಕೈಗೆ ಸಿಕ್ಕಿದೆ," ಅಂದ, ಬೇಜಾರಲ್ಲಿ.
ನಾನು ಎಡಗೈಯನ್ನು ಮೇಜಿನ ಕೆಳಗಿಳಿಸಿದೆ.

ಮೂವತ್ತೊಂದು ವರ್ಷ ಈ ಬೆರಳ ಸಂದಿಗಳಲ್ಲಿ
ಐದು ಒಂದು ಕಡೆ, ಹತ್ತು ಒಂದು ಕಡೆ,
ಉದ್ದುದ್ದ ಮಡಚಿ ನಿಲ್ಲಿಸಿದ್ದೇನೆ
ಬಿಟಿಎಸ್ಸಿನ ಕೆಂಪು ಬಸ್ಸಲ್ಲಿ.

"ಈ ಕಪ್ಪು ಬೆರಳಚ್ಚು ಇಲ್ಲದಿದ್ದರೆ
ಹನ್ನೊಂದು ಸಾವಿರ ಎಣಿಸುತ್ತಿದ್ದೆ. ಈಗ ಮೂರು."

ಅದು ಊದಿನಕಡ್ಡಿಯ ಕಪ್ಪು.
ವಾಸನೆ ಹೋಗಿ ಎಷ್ಟೋ ಕಾಲವಾಯಿತು.
ಗೋರಿಪಾಳ್ಯದಲ್ಲಿ ಹತ್ತಿ, ಅರವತ್ತು ಪೈಸೆಯ ಟಿಕೆಟಿಗೆ
ಈ ನೋಟು ಕೊಟ್ಟವಳ ಉಗುರಿನ ಸುತ್ತ ಅದೇ ಇತ್ತು.
ಚಿಲ್ಲರೆ ಇಲ್ಲ, ಇಳಿಯುವಾಗ ಇಸ್ಕೊಳ್ಳಮ್ಮ, ಎಂದು
ಟಿಕೆಟಿನ ಬೆನ್ನಿಗೆ ೧-೪೦ ಗೀಚಿ ಮುಂದೆ ಹೋದೆ.
ಮಿನರ್ವದಲ್ಲಿ ಇಳಿದಳು. ಕೂಗಿದಳೋ ಏನೋ.
ಸೀಟಿ ನನ್ನ ಬಾಯಲ್ಲೇ ಇತ್ತು; ಊದಿದೆ.

ಡಿಪೋದಲ್ಲಿ ಸ್ವಂತ ಜೇಬಿನ ಎರಡು ರೂಪಾಯಿ ಕಟ್ಟಿ
ಇದನ್ನು ಇಟ್ಟುಕೊಂಡೆ,
ನಾಳೆ ಹತ್ತಿದರೆ ಗುರುತಿಗಿರಲಿ ಎಂದು.
ನಾಳೆ ಹತ್ತಲಿಲ್ಲ.

ಹಿತೇಶ ಕ್ಯಾಲ್ಕುಲೇಟರ್ ಒತ್ತುತ್ತಿದ್ದ.
ನಾನೂ ಮನಸ್ಸಲ್ಲಿ ಒತ್ತುತ್ತಿದ್ದೆ:
ಎರಡಕ್ಕೆ ಮೂರು ಸಾವಿರವಾದರೆ
ಒಂದು ನಲವತ್ತಕ್ಕೆ ಎರಡು ಸಾವಿರದ ನೂರು.
ಯಾವ ಸ್ಟಾಪಿನಲ್ಲಿ ಕೊಡಲಿ?

"ಮಾರೋದಿಲ್ಲಪ್ಪ," ಅಂದೆ. "ಆ ಕಾಲದ ಒಂದು ರೂಪಾಯಿ ನೋಟು,
ಇಪ್ಪತ್ತು ಪೈಸೆ ಎರಡು, ಇದ್ದರೆ ಕೊಡು."
ನೋಟಿಗೆ ಎಂಬತ್ತು. ಆರು ಮೂಲೆಯ ಅಲ್ಯೂಮಿನಿಯಂ ಬಿಲ್ಲೆ
ಜೊತೆಗೆ ನಲವತ್ತು.
ನೂರಿಪ್ಪತ್ತು ಕೊಟ್ಟು ಒಂದು ನಲವತ್ತು ಕೊಂಡೆ.
ಚೌಕಾಸಿ ಮಾಡಲಿಲ್ಲ.

ಹಡ್ಸನ್ ಸರ್ಕಲ್ಲಿನಲ್ಲಿ ಬಸ್ಸು ಸಿಕ್ಕಿತು. ಕಂಡಕ್ಟರ್ ಹುಡುಗಿ
ಪಕ್ಕದ ಹೆಂಗಸಿಗೆ ಸೊನ್ನೆ ರೂಪಾಯಿಯ ಟಿಕೆಟು ಹರಿದುಕೊಟ್ಟು
ನನ್ನ ಐನೂರಕ್ಕೆ ಚಿಲ್ಲರೆ ಇಲ್ಲವೆಂದು ಗದರಿದಳು.
ಸರಿಯೇ, ಇಳಿಯುವಾಗ ಇಸ್ಕೊಳ್ತೀನಿ, ಅಂದೆ.
ಮೇಲಿನ ಜೇಬಲ್ಲಿದ್ದ ಬಿಲ್ಲೆಗಳು
ಎಷ್ಟು ಹಗುರ ಅಂದರೆ, ಇವೆಯೋ ಬಿದ್ದವೋ ಎಂದು
ಮಿನರ್ವದ ತನಕ ಮುಟ್ಟಿ ಮುಟ್ಟಿ ನೋಡಿಕೊಂಡೆ.