ನಲವತ್ತು ವ್ಯಾಟಿನ ಬಲ್ಬು

ಮಳಿ ಹಿಡದ್ರ ಪಿಯಾನೋದ ಹೊಟ್ಟ್ಯಾಗ
ಒಂದು ಬಲ್ಬು ಹಚ್ಚಿಡತಾರ ಥ್ರಿಟಿಬಾಯಿ.
ಪುಣೆ ಕ್ಯಾಂಪು, ಸಾಚಾಪೀರ ಓಣಿ, ಎರಡನೇ ಮಾಳಿಗಿ.
ಕತ್ತಲಾದ್ರ ಹಲಗಿ ಸಂದಿಯಿಂದ ಹಳದಿ ಸೋರತೈತಿ,
ಕರೇ ಎಮ್ಮಿ ದೀಪಾ ನುಂಗಿ ಮಲಗಿದಂಗ.

ನಾವು ಪೇಟಿ ಬಡಿಗ್ಯಾರು.
ಗದಗಿನ್ಯಾಗ ನಮ್ಮಪ್ಪ ಹಾರ್ಮೋನಿಯಂ ಸ್ವರಾ
ಅರಾ ಹಚ್ಚಿ ತಿಕ್ಕತಿದ್ದ, ಹಿತ್ತಾಳಿ ಪುಡಿ ರೆಪ್ಪಿ ಮ್ಯಾಲೆ.
ನಾ ಇಲ್ಲಿ ಬಂದು ದೊಡ್ಡ ಪೇಟಿ ಕಲ್ತೆ:
ಒಂದು ಸ್ವರಕ್ಕ ಮೂರು ತಂತಿ,
ಎಲ್ಲಾ ಕೂಡಿ ಇನ್ನೂರಾ ಇಪ್ಪತ್ತು ಮೊಳಿ.
ಇಂಗ್ಲಿಷು ಬರತಿರಲಿಲ್ಲ. ಕಿವಿ ಬರತಿತ್ತು.

ವರ್ಷಕ್ಕ ಎರಡು ಸಲ ಹೋಗತೀನಿ.
ಹೋದಾಗೊಮ್ಮೆ ಯಾವನೋ ಹುಡುಗ ಬಾಗಲಾಗ,
ಉಗುರು ತಗದು ಬಾ ಅಂತ ಬೈಸಿಕೊಂಡಾಂವ.

ಬಾಯಾರ ಕಸುಬು ನನಗ ಗ್ವಾಡಿ ಮ್ಯಾಲಿನ ಫೋಟೋದಿಂದ ತಿಳೀಲಿಲ್ಲ.
ಕೀಲಿ ಎತ್ತಿದಾಗ ತಳದಾಗ ಸಿಕ್ಕಿದ್ದಷ್ಟು ಗೊತ್ತು:
ಪೆಪ್ಪರಮಿಂಟಿನ ಕಾಗದ, ಮೂರು ರಬ್ಬರು,
ತುಪ್ಪದ ಜಾಹೀರಾತಿಗೆ ಬರದ ಹನ್ನೊಂದು ಸೆಕೆಂಡಿನ ರಾಗ,
ಅದರ ಬೆನ್ನಿಗೆ ಕಿರಾಣಿ ಯಾದಿ.
ಲಗ್ನದ ಬ್ಯಾಂಡಿನವರಿಗೆ ಒಂದು ಸಿನಿಮಾ ಹಾಡು
ಎಂಟು ಕಹಳಿಗೆ ಹಂಚಿಕೊಟ್ಟ ಹಾಳಿ.
(ರೊಕ್ಕಾ ಬರಲಿಲ್ಲಂತ. ಲಾಡು ಬಂದಿದ್ವು.)
ತಮ್ಮ ಸ್ವಂತದ್ದು ಟ್ರಂಕಿನ್ಯಾಗ ಇಡತಿದ್ರು,
ನುಶಿ ಗುಳಿಗಿ ಹಾಕಿ, ರೇಶ್ಮಿ ಸೀರಿ ಇಟ್ಟಂಗ.

ಒಂದಿನ ಕೇಳಿದ್ರು:
ಬಡಿಗೇರ್, ಎರಡು ತಂತಿ ಕೂಡೂಕಿಂತ ಮುಂಚೆ
ಊಂ ಊಂ ಊಂ ಅಂತ ಒಂದು ನಡುಕ ಬರತೈತಲ್ಲ,
ಅದಕ್ಕ ನಿಮ್ಮೊಳಗ ಏನಂತಾರ?
ಹೆಸರಿಲ್ರಿ, ಅಂದೆ. ಅದು ಹ್ವಾತಂದ್ರ ಕೆಲಸಾ ಮುಗೀತು.
ಇವತ್ತ ಒಂದು ಸ್ವರಾ ಹಂಗ ಬಿಡು, ಅಂದ್ರು.
ಬಿಡಲಿಲ್ಲ. ನಾಳಿ ಯಾರರ ಬಂದು ಬಾರಿಸಿದ್ರ
ಹೆಸರು ಕೆಡೋದು ನಂದು.

ಆಮ್ಯಾಲೆ ನಾಕು ವರ್ಷಕ್ಕ, ಡಿಸೆಂಬರದಾಗ,
ಚರ್ಚಿನ ಹಾಲು, ಪ್ಲಾಸ್ಟಿಕ್ ಕುರ್ಚಿ,
ನಲವತ್ತು ಮಂದಿ, ಅದರಾಗ ಹದಿನೈದು ಹುಡುಗರ ತಾಯಂದಿರು.
ಮಧ್ಯಾಹ್ನ ಶ್ರುತಿ ಮಾಡಿ
ಪಾನಾ ಚೀಲಾ ತೊಡಿಮ್ಯಾಲೆ ಇಟ್ಟುಕೊಂಡು ಹಿಂದ ಕುಂತಿದ್ದೆ.
ಬಾಯಾರ ಕೈ ಈಗ ನಡಗತಾವ,
ಬಾರಿಸಾಕ ಕುಂತಾಂವ ಆ ಉಗುರಿನ ಹುಡುಗ, ಮೀಸಿ ಬಂದಾವ.

ಹೊಡದ: ಒಂದ ಸ್ವರಾ.
ಮತ್ತ ಅದ. ಮತ್ತ ಅದ.
ಎಂಟು ಮನಿ ಮ್ಯಾಲೆ ಅದರ ಜೋಡಿ.
ಮತ್ತ ಕೆಳಗ.
ಮುಂದಿನ ಕುರ್ಚ್ಯಾಂವ ಹೊಳ್ಳಿ ನನ್ನ ನೋಡಿದ,
ಇನ್ನೂ ಮುಗಿದಿಲ್ಲೇನು ಅನ್ನಾಂವನಂಗ.
ನಾ ಇಲ್ಲೆ ಕುಂತೀನಲ್ರೀ, ಅಂದೆ.

ಆಗ ಎರಡು ಪಿಟೀಲು ಎದ್ದುವು,
ಒಂದಕ್ಕೊಂದು ಕೂದಲೆಳಿ ದೂರದಾಗ,
ಮೆಲ್ಲಕ ಸರಕೋತ ಬಂದುವು.
ಊಂಊಂಊಂ
ಊಂ ಊಂ
ಊಂ
ಇನ್ನೇನು ಕೂಡತಾವ ಅನ್ನೂದ್ರಾಗ
ಬಿಲ್ಲು ಎತ್ತಿಬಿಟ್ರು.
ಚಪ್ಪಾಳಿ ಬರಾಕ ತಡಾ ಆತು.
ನನ್ನ ಬಲಗೈ ತೊಡಿಮ್ಯಾಲೆ
ಇಲ್ಲದ ಪಾನಾ ಹಿಡದು
ಇನ್ನೂ ತಿರವತಿತ್ತು.

ಬಾಯಿ ದಿನದಂಗ ಲಕೋಟಿಯಾಗ ರೊಕ್ಕಾ ಕೊಟ್ರು.
ಮ್ಯಾಲಿನ ಎರಡು ಸ್ವರಾ ಇಳದಿದ್ವು ಬಡಿಗೇರ್,
ಸೋಮವಾರ ಬಾ, ಅಂದ್ರು.
ಇಳದಿರಲಿಲ್ಲ.
ಸೋಮವಾರ ಹೋದೆ.