ದೂಮಣ್ಣನ ಹೊಸ ಪಟ್ಟಿ

ಮೂವತ್ತೊಂದು ವರ್ಷ ನನ್ನ ಡೈರಿ ಅಂದರೆ
ಈ ವರ್ಕ್‌ಶಾಪಿನ ಶಟರು.
ಒಳಮೈಗೆ ಚಾಕಿನಲ್ಲಿ ಬರೆಯುವುದು:
ಯಾವ ಬೋಟು, ಯಾವ ರೋಗ, ಎಷ್ಟು ಬಾಕಿ.
ಬೆಳಿಗ್ಗೆ ಎತ್ತಿದರೆ
ಕೆಲಸವೆಲ್ಲ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತದೆ,
ರಾತ್ರಿ ಎಳೆದರೆ ಕಣ್ಣೆದುರು ಇಳಿಯುತ್ತದೆ
ಮಾಡಿದ್ದೂ ಮಾಡದ್ದೂ.
ಇವತ್ತು ಏನು ಮಾಡಬೇಕಿತ್ತೆಂದು
ನನಗೆ ಗೊತ್ತಾಗುತ್ತಿದ್ದದ್ದು
ಯಾವಾಗಲೂ ಬಾಗಿಲು ಹಾಕುವಾಗ.

ಈ ಸಲ ಕಟ್ಟಡದ ಧಣಿ ಪೇಂಟು ಹೊಡೆಸಿದ. ನೀಲಿ.
ಹನ್ನೆರಡು ಬೋಟಿನ ಬಾಕಿ ನೀಲಿಯ ಅಡಿಗೆ.

ಹೂಡೆಯ ಹುಡುಗ ಶಮ್ನಾದ್, ನನ್ನ ಹೆಲ್ಪರು,
ಫೋನು ಕಸಿದುಕೊಂಡು ಏನೋ ಇಳಿಸಿದ.
"ದೂಮಣ್ಣ, ಇನ್ನು ಎಲ್ಲ ಇದರಲ್ಲಿ.
ಒಂದು ಬೋಟಿಗೆ ಒಂದು ಪುಟ.
ಕೆಲಸದ ಎದುರು ಚೌಕ ಉಂಟು,
ಮುಗಿದದ್ದನ್ನು ಒತ್ತಿದರೆ ಗೆರೆ ಬೀಳುತ್ತದೆ."
ಒತ್ತಿದೆ. ಬೀಳಲಿಲ್ಲ.
ಗ್ರೀಸಿನ ಬೆರಳು ಆ ಗಾಜಿಗೆ ಬೆರಳೇ ಅಲ್ಲವಂತೆ.
ಸೀಮೆಎಣ್ಣೆಯಲ್ಲಿ ತೊಳೆದು, ಸಾಬೂನಿನಲ್ಲಿ ತೊಳೆದು,
ಲುಂಗಿಗೆ ಒರೆಸಿ ಒತ್ತಿದರೆ
ಪಕ್ಕದ ಬೋಟಿನ ಕೆಲಸ ಮುಗಿಯಿತು.

"ಹಾಗಾದರೆ ಮಾತಾಡಿ, ಅದೇ ಬರೆದುಕೊಳ್ಳುತ್ತದೆ."
ಜಲದುರ್ಗಾ, ಗೇರ್ ಬಿಚ್ಚಬೇಕು, ಅಂದೆ.
ಜಲದುರ್ಗಾ, ಗೇರುಬೀಜ ಬೇಕು, ಅಂತ ಬರೆಯಿತು.
ವಾಲ್ವು ಹಾಳಾಗಿದೆ ಅಂದರೆ
ಹಾಲು ಹಾಳಾಗಿದೆ.
ಸಂಜೆಗೆ ಓದಿದರೆ ಅದು ವರ್ಕ್‌ಶಾಪಿನ ಪಟ್ಟಿಯಲ್ಲ,
ಜೀನಸು ಅಂಗಡಿಯ ಚೀಟಿ.
ಶಮ್ನಾದ್ ನಕ್ಕದ್ದು
ಮಲ್ಪೆ ದಕ್ಕೆಯ ಆ ತುದಿಗೂ ಕೇಳಿಸಿರಬೇಕು.

ಜೂನ್. ಬೋಟುಗಳೆಲ್ಲ
ಮೈಗೆ ಮೈ ತಾಗಿಸಿ ನಿಂತಿವೆ ಹೊಳೆಬಾಯಲ್ಲಿ.
ಎರಡು ತಿಂಗಳು ಕಡಲಿಗೆ ರಜೆ, ನನಗೆ ಅದೇ ಸುಗ್ಗಿ.
ಬೆಳಗಿನ ಐದಕ್ಕೆ ಫೋನು ಟಿಣ್ ಅನ್ನುತ್ತದೆ:
ಹದಿನೇಳು ಕೆಲಸ ಬಾಕಿ, ಒಂಬತ್ತು ಅವಧಿ ಮೀರಿದ್ದು,
ಕೆಂಪು ಅಕ್ಷರದಲ್ಲಿ.
ಸಾಲ ಕೊಟ್ಟವನೂ ಇಷ್ಟು ಬೇಗ ಏಳುವುದಿಲ್ಲ.

ಆದರೆ ಕೆಲವು ಕೆಲಸಕ್ಕೆ ಹೆಸರೇ ಇಲ್ಲ.
ಬೊಬ್ಬರ್ಯ ಪ್ರಸಾದಿನ ತಂಡೇಲ ಮೂರು ದಿನದಿಂದ ಬರುತ್ತಾನೆ,
"ಏನೋ ಒಂದು ನಮೂನೆ ಆಗ್ತದೆ, ದೂಮಣ್ಣ."
ಒಂದು ನಮೂನೆ ಅಂತ ಯಾವ ಚೌಕದ ಎದುರು ಬರೆಯಲಿ?
ಸ್ಟಾರ್ಟ್ ಮಾಡಿಸಿದೆ, ಬಗ್ಗಿದೆ,
ಫೋನನ್ನೇ ಇಂಜಿನಿನ ಬಾಯಿಗೆ ಹಿಡಿದೆ:
ನಿನ್ನ ಕಷ್ಟ ನೀನೇ ಹೇಳು.

ರಾತ್ರಿ, ಮೀನಿಲ್ಲದ ಊಟ ಮುಗಿಸಿ
ತೆರೆದರೆ ಪುಟದ ತುಂಬ ಒಂದೇ ಮಾತು

ತಡ ತಡ ತಡ ತಡ
ತಡ ತಡ

ಮೊದಲು ನಗು ಬಂತು.
ಆಮೇಲೆ ಎದ್ದು ಕೂತೆ.
ಹೌದಲ್ಲ ಮಾರಾಯ,
ಮೂರನೇ ಸಿಲಿಂಡರಿಗೆ ಡೀಸೆಲು ಬರುವುದು ತಡ!
ಇಷ್ಟು ವರ್ಷದ ಕಿವಿ ಕೇಳಿಯೂ ಕೇಳದ್ದನ್ನು
ಕನ್ನಡ ಬಾರದ ಒಂದು ಯಂತ್ರ
ಕನ್ನಡ ಬಾರದ ಇನ್ನೊಂದರ ಬಾಯಿಂದ
ಒಂದಕ್ಷರ ತಪ್ಪದೆ ಬರೆದುಕೊಂಡಿದೆ.

ಬೆಳಿಗ್ಗೆ ಪಂಪು ಬಿಚ್ಚಿ ಟೈಮಿಂಗು ಕೂರಿಸಿ
ಮತ್ತೆ ಹಿಡಿದೆ ಫೋನು.
ಅರ್ಧ ನಿಮಿಷ ಯೋಚಿಸಿತು.
ಮಾತು ಯಾವುದೂ ಸಿಗಲಿಲ್ಲ, ಅಂತು.
ಸಿಗುವುದು ಬೇಡ.
ಸುಖದಲ್ಲಿದ್ದವ ಬಾಯಿ ಬಿಡುವುದುಂಟೆ?

ಸಾಬೂನು ಹಾಕಿ ಬೆರಳು ತೊಳೆದು ಒತ್ತಿದೆ. ಗೆರೆ ಬಿತ್ತು.
ಶಮ್ನಾದನಿಗೆ ತೋರಿಸಿದೆ, ಎರಡು ಸಲ.

ಅವನಿಗೆ ತೋರಿಸದ್ದು ಒಂದುಂಟು.
ರಾತ್ರಿ ಶಟರು ಎಳೆದಾಗ ಮಾತ್ರ ಕಾಣುವ ಜಾಗದಲ್ಲಿ,
ಹೊಸ ನೀಲಿಯ ಮೂಲೆಗೆ,
ಸಣ್ಣಕೆ, ಚಾಕಿನಲ್ಲಿ:
ಫೋನು ಚಾರ್ಜಿಗೆ ಇಡಬೇಕು.